ತ್ಸುರುತಾ ಸೋತ ರಾತ್ರಿ ಜನ ಯಾಕೆ ಅತ್ತರು? ಮೂರೇ ತಿಂಗಳಲ್ಲಿ ಎಲ್ಲ ತಿರುಗಾಮುರುಗಾ ಆಯ್ತಲ್ಲ!

ರಾತ್ರಿಗೂಬೆ
ನಮಸ್ಕಾರ. ನಾನು ತೊಂಬತ್ತರ ದಶಕದ ಟ್ರಂಪ್ ಕಾರ್ಡ್ ಗಿರಾಕಿ. ಒಂದು ಅಂಡರ್‌ಟೇಕರ್ ಕಾರ್ಡಿಗೆ ಎರಡು ರಬ್ಬರ್ ಕೊಟ್ಟವನು. ಜಪಾನಿನ ರೆಸ್ಲಿಂಗ್ ನೋಡೋಕೆ ಶುರು ಮಾಡಿದ್ದು ಈ ವರ್ಷ. ಎಲ್ಲರೂ ನೋಡು ನೋಡು ಅಂದಿದ್ದಕ್ಕೆ ನಿನ್ನೆ ರಾತ್ರಿ 1990ರ ಜೂನ್ 8ರ ಪಂದ್ಯ ಹಾಕಿಕೊಂಡು ಕೂತೆ. ಟೋಕಿಯೋದ ಬುಡೋಕಾನ್ ಕ್ರೀಡಾಂಗಣ. ಹಿರಿಯ ಜಂಬೋ ತ್ಸುರುತಾ ವಿರುದ್ಧ ಕಿರಿಯ ಮಿತ್ಸುಹಾರು ಮಿಸಾವಾ. 24 ನಿಮಿಷ 6 ಸೆಕೆಂಡ್.

ಪಂದ್ಯ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಆದರೆ ಕೊನೆಯಲ್ಲಿ ಏನಾಯ್ತು? ಇಬ್ಬರೂ ಒಬ್ಬರ ಮೇಲೊಬ್ಬರು ಉರುಳಾಡಿದರು, ಮಿಸಾವಾ ಹೇಗೋ ಮೇಲಿದ್ದ, ರೆಫರಿ ಮೂರು ಎಣಿಸಿದ. ಅಷ್ಟಕ್ಕೇ ಜನ ಅಳುತ್ತಿದ್ದಾರೆ! ಆಮೇಲೆ ಹುಡುಕಿದರೆ ಸೆಪ್ಟೆಂಬರ್ 1ಕ್ಕೆ ಅದೇ ಬುಡೋಕಾನ್‌ನಲ್ಲಿ ತ್ಸುರುತಾ ಗೆದ್ದಿದ್ದಾನೆ. 1991ರ ಏಪ್ರಿಲ್ 18ಕ್ಕೆ ಮತ್ತೆ ಗೆದ್ದಿದ್ದಾನೆ. ಹೊಸಬನನ್ನು ಮೇಲೆ ತರುವುದಾದರೆ ಪೂರ್ತಿ ತರಬೇಕು ಅಲ್ವಾ? ಏಣಿ ಹತ್ತಿಸಿ ಏಣಿ ತೆಗೆದ ಹಾಗಾಯ್ತು. ತಿಳಿದವರು ಹೇಳಿ.

ಮಂಡ್ಯ ಮೊಂಡ
ಎರಡು ರಬ್ಬರ್ರಾ? ಮೋಸ ಹೋಗಿದ್ದೀಯ ಗುರು. ನಾನು ಅರ್ಧ ಪೆನ್ಸಿಲ್ಲಿಗೆ ತಗೊಂಡಿದ್ದೆ.

ಹಳೇಟೇಪು
ಬರೀ ಆ 24 ನಿಮಿಷ ನೋಡಿದರೆ ನಿಮಗೆ ಹೀಗೇ ಅನಿಸುತ್ತದೆ. ಹಿಂದಿನ ಎರಡು ತಿಂಗಳ ಕಥೆ ಗೊತ್ತಿರಬೇಕು.

ಈ ಪಂದ್ಯ ನಡೆಸಿದ ಆಲ್ ಜಪಾನ್ ಕಂಪನಿ ಜೈಂಟ್ ಬಾಬಾ ಅನ್ನುವ ಪೈಲ್ವಾನನದು. 1972ರಲ್ಲಿ ಕಟ್ಟಿದ್ದು. ಅಲ್ಲಿ ಎಂಬತ್ತರ ದಶಕದ ಕೊನೆಗೆ ದೊಡ್ಡ ಹೆಸರು ಅಂದರೆ ಇಬ್ಬರು, ತ್ಸುರುತಾ ಮತ್ತು ಗೆನಿಚಿರೋ ತೆನ್ರ್ಯು. ಇವರಿಬ್ಬರ ಜಗಳ ನೋಡೋಕೇ ಜನ ಬರುತ್ತಿದ್ದರು. 1990ರ ವಸಂತದಲ್ಲಿ ತೆನ್ರ್ಯು ಬಿಟ್ಟು ಹೋದ. ಒಂದು ಕನ್ನಡಕದ ಅಂಗಡಿ ಕಂಪನಿ ದುಡ್ಡು ಹಾಕಿ ಎಸ್‌ಡಬ್ಲ್ಯೂಎಸ್ ಅಂತ ಹೊಸ ಸಂಸ್ಥೆ ಶುರು ಮಾಡಿತ್ತು, ಅಲ್ಲಿಗೆ ಹೋದ. ಅವನ ಹಿಂದೆ ಇನ್ನೂ ಕೆಲವರು ಹೊರಟರು. ಬಾಬಾ ಕೈಯಲ್ಲಿ ಉಳಿದದ್ದು ತ್ಸುರುತಾ, ಎದುರಿಗೆ ನಿಲ್ಲಿಸಲು ಯಾರೂ ಇಲ್ಲ. ತೇರು ಎಳೆಯೋಕೆ ಎರಡು ಹಗ್ಗ ಬೇಕು, ಒಂದು ಹರಿದು ಹೋಗಿದೆ.

ಆಗ ಮಿಸಾವಾ ಯಾರು? ಟೈಗರ್ ಮಾಸ್ಕ್. ಹುಲಿ ಮುಖವಾಡ ಹಾಕಿಕೊಂಡು ಹಾರುವವನು. ಅದೂ ಅವನ ಸ್ವಂತ ವೇಷ ಅಲ್ಲ. ಮೊದಲು ಕಾಮಿಕ್ಸ್ ಪಾತ್ರ, ಆಮೇಲೆ 1981ರಲ್ಲಿ ಸತೋರು ಸಯಾಮಾ ಎದುರಾಳಿ ಕಂಪನಿ ನ್ಯೂ ಜಪಾನ್‌ನಲ್ಲಿ ಅದನ್ನು ಮನೆಮಾತು ಮಾಡಿದ. 1984ರಲ್ಲಿ ಮಿಸಾವಾಗೆ ತೊಡಿಸಿದರು. ಆರು ವರ್ಷ ಇನ್ನೊಬ್ಬನ ಹೆಸರಲ್ಲಿ ದುಡಿದ. 1990ರ ಮೇ 14ರಂದು ಒಂದು ಟ್ಯಾಗ್ (ಜೊತೆಗಾರರನ್ನು ಕಟ್ಟಿಕೊಂಡು ಆಡುವ) ಪಂದ್ಯದ ಮಧ್ಯದಲ್ಲೇ ಜೊತೆಗಾರ ತೊಶಿಆಕಿ ಕವಾಡಾಗೆ ಮುಖವಾಡದ ದಾರ ಬಿಚ್ಚು ಅಂದ. ಬಿಚ್ಚಿದ, ಎಸೆದ. ಕವಾಡಾ ಅಂದರೆ ಹೈಸ್ಕೂಲಿನ ಕುಸ್ತಿ ತಂಡದಲ್ಲೂ ಅವನ ಕಿರಿಯ.

ಅಲ್ಲಿಂದ ಜೂನ್ 8ಕ್ಕೆ ನಾಲ್ಕು ವಾರವೂ ಇಲ್ಲ. ಸ್ವಂತ ಮುಖ ತೋರಿಸಿ 25 ದಿನ ಆದವನು ದೇಶದ ದೊಡ್ಡ ಪೈಲ್ವಾನನ ಎದುರು ನಿಂತಿದ್ದಾನೆ. ಜನ ಅತ್ತದ್ದು ಆ ಉರುಳಾಟಕ್ಕಲ್ಲ.

ಸುಮ್ನೆ ಬಂದೆ
ಎಲ್ಲ ಮೊದಲೇ ಮಾತಾಡಿಕೊಂಡ ನಾಟಕ. ಅದಕ್ಕೆ ಇಷ್ಟೊಂದು ಉದ್ದ ಪ್ರಬಂಧ.

ಮಂಡ್ಯ ಮೊಂಡ
ಬಂದ್ರಪ್ಪ, ಪ್ರತಿ ಸಲ ಒಬ್ಬರು ಬಂದೇ ಬರ್ತಾರೆ.

ಕಟ್ಟೆಪುರಾಣ
@ಸುಮ್ನೆ ಬಂದೆ, ನೀವು ತಾಳಮದ್ದಲೆ ಕೇಳಿದ್ದೀರಾ ಮಾರಾಯ್ರೆ? ವಾಲಿ ಸಾಯುತ್ತಾನೆ ಎಂದು ಚೆಂಡೆ ಹೊಡೆಯುವವನಿಂದ ಹಿಡಿದು ಚಹಾ ಮಾರುವವನವರೆಗೆ ಎಲ್ಲರಿಗೂ ಗೊತ್ತು. ಆದರೆ ಅರ್ಥಧಾರಿಗಳ ಮಾತು ಯಾರೂ ಬರೆದುಕೊಟ್ಟದ್ದಲ್ಲ. ಐವತ್ತು ದಾಟಿದ ದೊಡ್ಡ ಅರ್ಥಧಾರಿ ವಾಲಿ, ನಿನ್ನೆ ಮೊನ್ನೆ ಬಂದ ಹುಡುಗ ರಾಮ ಅಂತ ಇಟ್ಟುಕೊಳ್ಳಿ. ಹಿರಿಯರು ಮನಸ್ಸು ಮಾಡಿದರೆ ನಾಲ್ಕೇ ಪ್ರಶ್ನೆಯಲ್ಲಿ ರಾಮನನ್ನು ಮುಳುಗಿಸಿಬಿಡಬಹುದು. ವಾಲಿ ಪದ್ಯದ ಪ್ರಕಾರ ಸಾಯುತ್ತಾನೆ, ಆದರೆ ಸಭೆಯಲ್ಲಿ ಸತ್ತವನು ರಾಮ! ಅಥವಾ ಅದೇ ಹಿರಿಯರು ಗಟ್ಟಿ ಪ್ರಶ್ನೆ ಕೇಳಿ, ಉತ್ತರಕ್ಕೆ ಜಾಗ ಬಿಟ್ಟು, ಹುಡುಗನನ್ನು ಬೆಳೆಸಬಹುದು. ಮೆತ್ತಗೆ ಕೇಳಿದರೂ ಕೆಟ್ಟಿತು, ಯಾಕೆಂದರೆ ಆಗ ಗೆದ್ದದ್ದಕ್ಕೆ ಬೆಲೆ ಇಲ್ಲ.

ತ್ಸುರುತಾ ಅವತ್ತು ಮಾಡಿದ್ದು ಇದನ್ನೇ. ಅವನ ಮುಖ ನೋಡಿ. ಮೊದಮೊದಲು ಸಸಾರ. ಮಿಸಾವಾ ಮೊಣಕೈ ಹೊಡೆತ ಬಿದ್ದ ಮೇಲೆ ಸಿಟ್ಟು. ಏನು ಈ ಹುಡುಗನ ಸೊಕ್ಕು ಅನ್ನುವ ಸಿಟ್ಟು. ಆ ಸಿಟ್ಟು ನೋಡಿದ ಮೇಲೆ ತಾನೇ ನಮಗೆ ಹೊಡೆತ ನಿಜ ಅನಿಸುವುದು?

ಸುಮ್ನೆ ಬಂದೆ
ಸರಿ, ತಾಳಮದ್ದಲೆ ವಿಷಯ ಒಪ್ಪಿದೆ. ಕುಸ್ತಿ ವಿಷಯ ಯೋಚನೆ ಮಾಡುತ್ತೇನೆ.

ಬೆಳ್ಳಿಪಟ್ಟಿ
ಒಂದೇ ಪಂದ್ಯದಲ್ಲಿ ಆಲ್ ಜಪಾನ್‌ನ ದೊಡ್ಡ ಪಟ್ಟ ಟ್ರಿಪಲ್ ಕ್ರೌನ್ ಗೆದ್ದು 25 ವರ್ಷಕ್ಕೇ ಚಾಂಪಿಯನ್ ಆದ, ಅದಕ್ಕೇ ಅಷ್ಟು ಸಂಭ್ರಮ.

ಹಳೇಟೇಪು
ಒಂದು ಸಾಲಿನಲ್ಲಿ ಎರಡು ತಪ್ಪು ಸ್ವಾಮಿ. ಅವನಿಗೆ ಆಗ 27, ಇನ್ನು ಹತ್ತು ದಿನಕ್ಕೆ 28. ತ್ಸುರುತಾಗೆ 39. ಮತ್ತು ಅದು ಪಟ್ಟದ ಪಂದ್ಯವೇ ಅಲ್ಲ. ಪಟ್ಟ ಮೂರು ದಿನ ಮೊದಲಷ್ಟೇ, ಜೂನ್ 5ಕ್ಕೆ, ತ್ಸುರುತಾ ಕೈಯಿಂದ ಟೆರ್ರಿ ಗಾರ್ಡಿಗೆ ಹೋಗಿತ್ತು. 8ನೇ ತಾರೀಕು ಅದೇ ಬುಡೋಕಾನ್‌ನಲ್ಲಿ ಸ್ಟಾನ್ ಹ್ಯಾನ್ಸೆನ್ ಗಾರ್ಡಿಯನ್ನು ಸೋಲಿಸಿ ಪಟ್ಟ ತೆಗೆದುಕೊಂಡ. ಆ ರಾತ್ರಿ ಚಾಂಪಿಯನ್ ಆದವನು ಯಾರು ಅಂತ ಇವತ್ತು ಯಾರಿಗೂ ನೆನಪಿಲ್ಲ, ಪಟ್ಟ ಇಲ್ಲದ ಪಂದ್ಯ ಎಲ್ಲರಿಗೂ ನೆನಪಿದೆ. ಇದು ಗಮನಿಸಬೇಕಾದ್ದು.

ಬೆಳ್ಳಿಪಟ್ಟಿ
ಓಹ್. ಯಾವುದೋ ವಿಡಿಯೋದಲ್ಲಿ ಹಾಗೆ ಹೇಳಿದ್ದರು. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಕವಾಸಾಕಿ ಕಾಫಿಪುಡಿ
ನಾನು ಏಳು ವರ್ಷದಿಂದ ಟೋಕಿಯೋ ಪಕ್ಕದ ಕವಾಸಾಕಿಯಲ್ಲಿದ್ದೇನೆ. ನಮ್ಮ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದರು, ಈಗ ರಿಟೈರ್ ಆಗಿದ್ದಾರೆ. ಕಾಲೇಜು ದಿನಗಳಲ್ಲಿ ಅವರು ತ್ಸುರುತಾ ಕಡೆಯವರು. ಒಂದು ಸಲ ಊಟದ ಹೊತ್ತಿಗೆ ಕೇಳಿದೆ, ಸರ್, ಎಲ್ಲರೂ ಮಿಸಾವಾ ಮಿಸಾವಾ ಅನ್ನುವಾಗ ನಿಮಗೆ ಬೇಜಾರಾಗಲಿಲ್ಲವಾ ಎಂದು. ಅವರು ಹೇಳಿದ್ದು: ತ್ಸುರುತಾನನ್ನು ಇಷ್ಟಪಡುವುದು ಕಷ್ಟದ ಕೆಲಸ, ಯಾಕೆಂದರೆ ಆ ಮನುಷ್ಯನಿಗೆ ಸುಸ್ತೇ ಆಗುತ್ತಿರಲಿಲ್ಲ. ಬೆವರದವನ ಬಗ್ಗೆ ಯಾರಿಗೆ ಕನಿಕರ ಬರುತ್ತದೆ?

ನಿಜ ಅಲ್ವಾ? 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಗ್ರೀಕೋ ರೋಮನ್ ಕುಸ್ತಿ ಆಡಿದವನು. ಅದೇ ವರ್ಷ ಬಾಬಾ ಹತ್ತಿರ ಸೇರುವಾಗ ‘ಆಲ್ ಜಪಾನ್‌ನಲ್ಲಿ ಕೆಲಸಕ್ಕೆ ಸೇರುತ್ತೇನೆ’ ಅಂದನಂತೆ, ಬ್ಯಾಂಕಿಗೆ ಸೇರುವವರ ಹಾಗೆ! ಅಮೆರಿಕದ ಅಮರಿಲ್ಲೋದಲ್ಲಿ ಫಂಕ್ ಸಹೋದರರ ಹತ್ತಿರ ಕಲಿತ. 1984ರಲ್ಲಿ ನಿಕ್ ಬಾಕ್‌ವಿಂಕಲ್‌ನನ್ನು ಸೋಲಿಸಿ ಅಮೆರಿಕದ ಎಡಬ್ಲ್ಯೂಎ ವಿಶ್ವ ಪಟ್ಟ ಗೆದ್ದ ಮೊದಲ ಜಪಾನಿ. ಎಲ್ಲ ಸಲೀಸು. ಇಲ್ಲಿನ ಅಭಿಮಾನಿಗಳಲ್ಲಿ ‘ತ್ಸುರುತಾನೇ ಎಲ್ಲರಿಗಿಂತ ಬಲಶಾಲಿ’ ಅನ್ನುವ ಒಂದು ವಾದವೇ ಇದೆ, ಮನಸ್ಸು ಮಾಡಿದ್ದರೆ ಯಾರನ್ನು ಬೇಕಾದರೂ ಹೊಡೆದು ಮಲಗಿಸುತ್ತಿದ್ದ ಎಂದು. ಮನಸ್ಸು ಮಾಡುವ ಹಾಗೆ ಮಾಡಿದ್ದೇ ಮಿಸಾವಾ ಅಂತ ಆ ಹಿರಿಯರ ಲೆಕ್ಕ.

ರಾತ್ರಿಗೂಬೆ
ಮೇಡಂ, ಈ ‘ಬೆವರದವನು’ ಮಾತು ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಸೆಪ್ಟೆಂಬರ್‌ನಲ್ಲಿ ತಿರುಗಿ ಸೋಲಿಸಿದ್ದು ಯಾಕೆ?

ದುಡ್ಡಿನಮಳೆ
ನಾನು ಹೇಳುತ್ತೇನೆ. ಯಾಕೆಂದರೆ ಬಾಬಾಗೆ ಧೈರ್ಯ ಇರಲಿಲ್ಲ. ಹಿರಿಯ ಕಿರಿಯ ಪಂದ್ಯ ಹೇಗಿರಬೇಕು ಅಂತ ನೋಡಬೇಕಾದರೆ 2012ರ ಫೆಬ್ರವರಿ 12, ಒಸಾಕಾ ನೋಡಿ. ಹಿರೋಶಿ ತಾನಾಹಾಶಿ ಮತ್ತು ಕಜುಚಿಕಾ ಒಕಾಡಾ. ಜನವರಿ 4ಕ್ಕೆ ಟೋಕಿಯೋ ಡೋಮ್‌ನಲ್ಲಿ ತಾನಾಹಾಶಿ ಮಿನೋರು ಸುಜುಕಿಯನ್ನು ಸೋಲಿಸಿ ನ್ಯೂ ಜಪಾನ್‌ನ ದೊಡ್ಡ ಪಟ್ಟವಾದ ಐಡಬ್ಲ್ಯೂಜಿಪಿಯನ್ನು 11ನೇ ಸಲ ಉಳಿಸಿಕೊಂಡು ದಾಖಲೆ ಮಾಡಿದ್ದ. ಆಗ ಬಂದ ಒಕಾಡಾ, ನಿನಗೆ ಸವಾಲು ಅಂದ. ಜನ ನಕ್ಕರು. ಅದೇ ದಿನ ತಾನೇ ಅಮೆರಿಕದಿಂದ ವಾಪಸ್ ಬಂದು ಆಡಿದ್ದ, ಅಲ್ಲಿ ಅವನನ್ನು ಸಮೋವಾ ಜೋ ಪಕ್ಕ ಮುಖವಾಡ ಹಾಕಿಸಿ ಸಹಾಯಕನ ಪಾತ್ರದಲ್ಲಿ ನಿಲ್ಲಿಸಿದ್ದರು. ವಯಸ್ಸು 24. ಐದೂವರೆ ವಾರ ಕಳೆದ ಮೇಲೆ ಒಸಾಕಾದಲ್ಲಿ ಗೆದ್ದೇಬಿಟ್ಟ! ಉರುಳಾಟ ಇಲ್ಲ, ಗೊಂದಲ ಇಲ್ಲ. ಕೈ ಹಿಡಿದು ಎಳೆದು ಕುತ್ತಿಗೆಗೆ ಒಂದೇ ಏಟು, ರೇನ್‌ಮೇಕರ್. ನೇರವಾಗಿ, ಪಟ್ಟದ ಸಮೇತ. ಇದಕ್ಕೆ ಧೈರ್ಯ ಅನ್ನುತ್ತಾರೆ.

ಹಳೇಟೇಪು
ಪೂರ್ತಿ ಹೇಳಿ. ಜೂನ್ 16ಕ್ಕೆ ಪಟ್ಟ ಯಾರ ಹತ್ತಿರ ಇತ್ತು?

ದುಡ್ಡಿನಮಳೆ
...ತಾನಾಹಾಶಿ ಹತ್ತಿರ.

ಹಳೇಟೇಪು
2013ರ ಜನವರಿ 4?

ದುಡ್ಡಿನಮಳೆ
ಅಣ್ಣಾ, ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದ ಹಾಗೆ ಕೇಳಬೇಡಿ. ಹೌದು, ತಾನಾಹಾಶಿನೇ ಗೆದ್ದ. 2015ರ ಜನವರಿ 4ಕ್ಕೂ ಗೆದ್ದ, ಒಕಾಡಾ ಅಳುತ್ತಾ ಹೋದ. ಡೋಮ್‌ನ ಮುಖ್ಯ ಪಂದ್ಯದಲ್ಲಿ ಒಕಾಡಾ ಅವನನ್ನು ಸೋಲಿಸಲು 2016 ಬರಬೇಕಾಯಿತು. ಒಪ್ಪಿದೆ, ಅಲ್ಲೂ ಅದೇ ಕಥೆ. ಆದರೆ ನಡುವೆ 2012ರಲ್ಲೇ ಒಕಾಡಾ ಜಿ1 ಟೂರ್ನಿ ಗೆದ್ದ, 2013ರ ಏಪ್ರಿಲ್‌ನಲ್ಲಿ ಪಟ್ಟ ವಾಪಸ್ ತೆಗೆದುಕೊಂಡ. ಸೋತರೂ ಅವನನ್ನು ಕೆಳಗಿಳಿಸಲಿಲ್ಲ.

ಹಳೇಟೇಪು
ಈಗ ದಾರಿಗೆ ಬಂದಿರಿ. ರಾತ್ರಿಗೂಬೆಯವರೇ, ನಿಮ್ಮ ಪ್ರಶ್ನೆಗೂ ಇದೇ ಉತ್ತರ. ಒಂದು ಸಲ ಗೆದ್ದವನನ್ನು ಜನ ಅದೃಷ್ಟವಂತ ಅನ್ನುತ್ತಾರೆ. ಆ ಉರುಳಾಟದ ಪಿನ್ ಬೇಕಂತಲೇ ಹಾಗಿದೆ. ತ್ಸುರುತಾ ಬ್ಯಾಕ್‌ಡ್ರಾಪ್‌ಗೆ, ಅಂದರೆ ಹಿಂದಿನಿಂದ ಹಿಡಿದೆತ್ತಿ ಹಿಂದಕ್ಕೆ ಬೀಳಿಸುವುದಕ್ಕೆ, ಹೊರಟಾಗ ಮಿಸಾವಾ ಅವನ ಮೇಲೇ ಬಿದ್ದು, ತಿರುಗಿ, ಮತ್ತೆ ತಿರುಗಿ ಮೂರು ಎಣಿಕೆ ಕದ್ದ. ತ್ಸುರುತಾನನ್ನು ಹೊಡೆದು ಮಲಗಿಸುವ ಶಕ್ತಿ ಅವನಿಗೆ ಇನ್ನೂ ಬಂದಿರಲಿಲ್ಲ. ಬಂದಿದೆ ಅಂತ ತೋರಿಸಿದ್ದರೆ ಜನ ನಂಬುತ್ತಲೂ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ತ್ಸುರುತಾ ತನ್ನ ಬ್ಯಾಕ್‌ಡ್ರಾಪ್‌ನಿಂದಲೇ ಸಾಲ ತೀರಿಸಿದ.

ಆಮೇಲೆ ಹೆಜ್ಜೆ ಹೆಜ್ಜೆ. ಮಿಸಾವಾ, ಕವಾಡಾ, ಕೆಂತಾ ಕೊಬಾಶಿ ಒಂದು ಕಡೆ. ತ್ಸುರುತಾ, ಅಕಿರಾ ತಾವುಎ, ಮಸನೋಬು ಫುಚಿ ಇನ್ನೊಂದು ಕಡೆ. ಎರಡು ವರ್ಷ ಟ್ಯಾಗ್ ಪಂದ್ಯಗಳಲ್ಲಿ ಬಡಿದಾಡಿದರು. 1991ರ ಸೆಪ್ಟೆಂಬರ್ 4ಕ್ಕೆ ಒಂದು ಟ್ಯಾಗ್ ಪಂದ್ಯದಲ್ಲಿ ಮಿಸಾವಾ ಫೇಸ್‌ಲಾಕ್ (ಮುಖಕ್ಕೆ ತೋಳಿನ ಬಿಗಿಪಟ್ಟು) ಹಾಕಿ ತ್ಸುರುತಾ ಬಾಯಿಂದ ಸಾಕು ಅನ್ನಿಸಿದ. ಅದು ಉರುಳಾಟ ಅಲ್ಲ, ಅದು ಸೋಲು. 1992ರ ಆಗಸ್ಟ್ 22ಕ್ಕೆ ಹ್ಯಾನ್ಸೆನ್‌ನನ್ನು ಸೋಲಿಸಿ ಟ್ರಿಪಲ್ ಕ್ರೌನ್ ಗೆದ್ದ, 705 ದಿನ ಇಟ್ಟುಕೊಂಡ. ಏಣಿ ತೆಗೆಯಲಿಲ್ಲ ಸ್ವಾಮಿ, ಮೆಟ್ಟಿಲು ಜಾಸ್ತಿ ಹಾಕಿದರು.

ಕಟ್ಟೆಪುರಾಣ
ಮೆಟ್ಟಿಲು ಜಾಸ್ತಿ ಹಾಕಿದರು ಅಂತ ನೀವು ಈಗ ಹಿಂದೆ ತಿರುಗಿ ನೋಡಿ ಹೇಳುವುದು. ಅವತ್ತು ಬಾಬಾಗೆ ಅಷ್ಟು ದೂರದ ಲೆಕ್ಕ ಇತ್ತು ಅನ್ನುವುದು ನನಗೆ ಅನುಮಾನ. ಮಿಸಾವಾ ಗೆಲ್ಲಬೇಕು ಅಂತ ನಿರ್ಧಾರ ಆದದ್ದೇ ಅದೇ ದಿನ ಅಂತ ಹೇಳುತ್ತಾರಲ್ಲ? ಬುಡೋಕಾನ್ ಹೊರಗೆ ಜನ ಮಿಸಾವಾ ಹೆಸರು ಹಿಡಿದು ಕೂಗುವುದನ್ನು ಕೇಳಿ ಬಾಬಾ ಮನಸ್ಸು ಬದಲಾಯಿಸಿದ ಎಂದು ಕಥೆ. ಅಂದರೆ ಮೊದಲ ಯೋಜನೆಯಲ್ಲಿ ತ್ಸುರುತಾ ಗೆಲುವು! ಆಮೇಲಿನ ಸೆಪ್ಟೆಂಬರ್ ಗೆಲುವು ಹಳೇ ಯೋಜನೆಗೆ ವಾಪಸ್ ಹೋದದ್ದು, ಅಷ್ಟೇ.

ಹಳೇಟೇಪು
ಆ ಕಥೆ ನಾನೂ ಕೇಳಿದ್ದೇನೆ. ನಿಜ ಇದ್ದರೆ ಬಾಬಾ ಬಗ್ಗೆ ಗೌರವ ಇನ್ನೂ ಜಾಸ್ತಿ ಆಗುತ್ತದೆ. ಜನದ ದನಿ ಕೇಳಿ ಅಡುಗೆಗೆ ಉಪ್ಪು ಹಾಕುವವನು ಒಳ್ಳೆಯ ಭಟ್ಟ.

ಗರಡಿ ಮೊಮ್ಮಗ
ನಾನು ಮೈಸೂರಿನವನು. ತಾತ ಗರಡಿಯಲ್ಲಿ ಉಸ್ತಾದ್ ಆಗಿದ್ದರು. ನಮ್ಮಲ್ಲಿ ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ನೋಡಬೇಕು ನೀವು. ಒಬ್ಬೊಬ್ಬ ಪೈಲ್ವಾನನನ್ನು ಪಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿ, ಕೈ ಕೊಡಿಸಿ, ಒಪ್ಪಿದರೆ ಜೋಡಿ. ವಯಸ್ಸಾದವರ ಎದುರು ಚಿಗುರು ಮೀಸೆಯವನನ್ನು ನಿಲ್ಲಿಸಿದರೆ ತಾತ ಬೈಯುತ್ತಿದ್ದರು, ಗೆದ್ದರೂ ಹೆಸರಿಲ್ಲ ಸೋತರೂ ಮರ್ಯಾದೆ ಇಲ್ಲ ಎಂದು. ಜಪಾನಿನವರು ಅದನ್ನೇ ದೊಡ್ಡ ಪಂದ್ಯ ಮಾಡುತ್ತಾರೆ ಅನ್ನುವುದು ವಿಚಿತ್ರ.

ಮಂಡ್ಯ ಮೊಂಡ
ಅಣ್ಣ, ದಸರಾ ಕುಸ್ತಿ ಟಿಕೆಟ್ ಎಲ್ಲಿ ಸಿಗುತ್ತೆ? ಕಳೆದ ಸಲ ಹೋಗಿ ಹೊರಗೇ ನಿಂತಿದ್ದೆ.

ಗರಡಿ ಮೊಮ್ಮಗ
ಬೇಗ ಹೋಗು ಅಷ್ಟೇ. ಮಧ್ಯಾಹ್ನ ಊಟ ಮುಗಿಸಿ ಹೋದರೆ ಮರ ಹತ್ತಬೇಕು.

ಬೆಳ್ಳಿಪಟ್ಟಿ
ನಮ್ಮವರು ಜಪಾನಿನಲ್ಲಿ ಆಡಿಲ್ಲವಾ? ಖಲಿ ಹೋಗಿದ್ದ ಅಂತ ಕೇಳಿದ್ದೆ.

ಕವಾಸಾಕಿ ಕಾಫಿಪುಡಿ
ಹೋಗಿದ್ದರು. 2000ದ ಶುರುವಿನಲ್ಲಿ ನ್ಯೂ ಜಪಾನ್‌ನಲ್ಲಿ ಜೈಂಟ್ ಸಿಂಗ್ ಅಂತ ಹೆಸರು. ಆದರೆ ಇಲ್ಲಿ ಹಳಬರಿಗೆ ‘ಭಾರತ’ ಅಂದರೆ ನೆನಪಾಗುವುದು ಟೈಗರ್ ಜೀತ್ ಸಿಂಗ್. ಪಂಜಾಬಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದವರು. ತಲೆಗೆ ಪೇಟ, ಕೈಯಲ್ಲಿ ಕತ್ತಿ. 1973ರಲ್ಲಿ ಟೋಕಿಯೋದ ಶಿಂಜುಕುವಿನಲ್ಲಿ ಅಂತೋನಿಯೋ ಇನೋಕಿ ಹೆಂಡತಿ ಜೊತೆ ಅಂಗಡಿಗೆ ಹೋಗಿದ್ದಾಗ ನಡುಬೀದಿಯಲ್ಲೇ ಮೇಲೆ ಬಿದ್ದರು, ದೊಡ್ಡ ಸುದ್ದಿ ಆಯಿತು. ನಾನು ಭಾರತದವಳು ಎಂದು ಗೊತ್ತಾದ ಕೂಡಲೇ ಒಬ್ಬ ಟ್ಯಾಕ್ಸಿ ಚಾಲಕರು ಕತ್ತಿ ಬೀಸುವ ಹಾಗೆ ಕೈ ಮಾಡಿ ನಕ್ಕಿದ್ದರು. ಯೋಗ, ಕರಿ, ಟೈಗರ್ ಜೀತ್ ಸಿಂಗ್.

ಸುಮ್ನೆ ಬಂದೆ
ಹೆಂಡತಿ ಜೊತೆ ಶಾಪಿಂಗ್ ಮಾಡುವಾಗ ಹೊಡೆದರಾ! ಅದನ್ನೂ ಮೊದಲೇ ಮಾತಾಡಿಕೊಂಡಿದ್ದರಾ?

ಹಳೇಟೇಪು
ಅದರ ಜಗಳ ಐವತ್ತು ವರ್ಷದಿಂದ ನಡೆಯುತ್ತಿದೆ. ಇಲ್ಲಿ ಶುರು ಮಾಡಬೇಡಿ, ದಮ್ಮಯ್ಯ.

ದುಡ್ಡಿನಮಳೆ
ವಿಷಯಕ್ಕೆ ಬರೋಣ. ತಾನಾಹಾಶಿ ಒಕಾಡಾ ಜೋಡಿಗೆ ಇನ್ನೊಂದು ಅಂಕ ಕೊಡಲೇಬೇಕು. 2018ರ ಮೇ 4ಕ್ಕೆ ಫುಕುವೋಕಾದಲ್ಲಿ ಒಕಾಡಾ ತನ್ನ 12ನೇ ಪಟ್ಟ ರಕ್ಷಣೆ ಮಾಡಿ ಆ 11ರ ದಾಖಲೆ ಮುರಿದ. ಯಾರನ್ನು ಸೋಲಿಸಿ? ತಾನಾಹಾಶಿಯನ್ನೇ! ಆರು ವರ್ಷದ ಹಿಂದೆ ಯಾರ ದಾಖಲೆ ನಿಲ್ಲಿಸಿದ್ದನೋ ಅವನ ಎದುರಿಗೇ ಅದನ್ನು ಅಳಿಸಿದ. ಇನ್ನು 2026ರ ಜನವರಿ 4ಕ್ಕೆ ಟೋಕಿಯೋ ಡೋಮ್‌ನಲ್ಲಿ ತಾನಾಹಾಶಿಯ ಕೊನೇ ಪಂದ್ಯ. ಅಷ್ಟು ಹೊತ್ತಿಗೆ ಅವನೇ ಕಂಪನಿ ಅಧ್ಯಕ್ಷ, ಒಕಾಡಾ ಅಮೆರಿಕದ ಎಇಡಬ್ಲ್ಯೂಗೆ ಹೋಗಿಯಾಗಿತ್ತು. ಆದರೂ ಕೊನೇ ಎದುರಾಳಿಯಾಗಿ ಬಂದದ್ದು ಒಕಾಡಾ, ಗೆದ್ದದ್ದೂ ಒಕಾಡಾ. ಬಿಟ್ಟು ಹೋದವನನ್ನು ಕರೆಸಿ ಅವನ ಕೈಯಲ್ಲೇ ಸೋತು ಮನೆಗೆ ಹೋಗೋದು ಅಂದರೆ! ನನಗಂತೂ ಗಂಟಲು ಕಟ್ಟಿತು.

ಕವಾಸಾಕಿ ಕಾಫಿಪುಡಿ
ಆ ದಿನದ ಟಿಕೆಟ್‌ಗೆ ನಾನು ಮಾಡದ ಸರ್ಕಸ್ ಇಲ್ಲ. ಸಿಗಲಿಲ್ಲ, ಮನೆಯಲ್ಲೇ ನೋಡಿದೆ. ಬದಲಿಗೆ ಬೇರೆ ದಿನ ಕೊರಾಕುವೆನ್ ಹಾಲ್‌ಗೆ ಹೋಗಿದ್ದೆ, ಡೋಮ್ ಪಕ್ಕದ ಕಟ್ಟಡದ ಐದನೇ ಮಹಡಿ. ಚಿಕ್ಕದು, ಎರಡು ಸಾವಿರ ಜನ ಹಿಡಿಸಿದರೆ ಹೆಚ್ಚು. ಹೆಸರು ಕೂಗಿದಾಗ ಬಣ್ಣದ ಕಾಗದದ ಸುರುಳಿ ಎಸೆಯುತ್ತಾರೆ, ರಿಂಗ್ ತುಂಬಾ ಬೀಳುತ್ತದೆ. ಕುಸ್ತಿ ಕಲಿಯುವ ಹುಡುಗರು ಓಡಿ ಬಂದು ಅರ್ಧ ನಿಮಿಷದಲ್ಲಿ ಬಾಚಿಕೊಂಡು ಹೋಗುತ್ತಾರೆ. ನಾಳೆಯ ಒಕಾಡಾ ಆ ಕಾಗದ ಬಾಚುವವರಲ್ಲೇ ಒಬ್ಬ ಇರುತ್ತಾನೆ ಎಂದು ಪಕ್ಕದ ಸೀಟಿನ ಅಜ್ಜಿ ಹೇಳಿದರು. ಅವರು ನೋಡೋಕೆ ಬಂದದ್ದೇ ಆ ಹುಡುಗರನ್ನು ಅಂತೆ.

ಗರಡಿ ಮೊಮ್ಮಗ
ಈ ಅಜ್ಜಿ ನಮ್ಮ ತಾತನ ಪಾರ್ಟಿ.

ಕಟ್ಟೆಪುರಾಣ
ದುಡ್ಡಿನಮಳೆಯವರೇ, ನೀವು ಹೇಳಿದ ಆ ಕೊನೇ ಪಂದ್ಯ ತ್ಸುರುತಾ ಮಿಸಾವಾಗೆ ಸಿಗಲೇ ಇಲ್ಲ. ನನಗೆ ಅದೇ ಸಂಕಟ. 1992ರಲ್ಲಿ ತ್ಸುರುತಾಗೆ ಹೆಪಟೈಟಿಸ್ ಬಿ. ಆಮೇಲೆ ವಾಪಸ್ ಬಂದರೂ ಮುಖ್ಯ ಪಂದ್ಯಕ್ಕಿಂತ ಮುಂಚೆ, ಹಳಬರ ಜೊತೆ, ನಗಿಸುವ ಪಂದ್ಯಗಳು. 1999ರಲ್ಲಿ ನಿವೃತ್ತಿ. 2000ದ ಮೇ 13ರಂದು ಮನಿಲಾದಲ್ಲಿ, ಯಕೃತ್ತಿನ ಕಸಿ ನಡೆಯುವಾಗ ತೀರಿಕೊಂಡ. ವಯಸ್ಸು 49. ಮಿಸಾವಾ ಅದೇ ವರ್ಷ ಆಲ್ ಜಪಾನ್ ಬಿಟ್ಟು ನೋಅ ಅನ್ನುವ ಹೊಸ ಕಂಪನಿ ಕಟ್ಟಿದ. 2009ರ ಜೂನ್ 13ರಂದು ಹಿರೋಶಿಮಾದ ರಿಂಗಿನಲ್ಲಿ ಒಂದು ಹೊಡೆತದ ನಂತರ ಏಳಲಿಲ್ಲ. 46. ಅದೂ ಬ್ಯಾಕ್‌ಡ್ರಾಪ್.

ಜೂನ್ 8ರ ಪಂದ್ಯ ಈಗ ನೋಡುವಾಗ ಆ ಉರುಳಾಟದಲ್ಲಿ ನನಗೆ ಕಾಣುವುದು ಬೇರೆ. ಇಬ್ಬರೂ ಎಷ್ಟು ಆರೋಗ್ಯವಾಗಿದ್ದರು ಅಂತ.

ಮಂಡ್ಯ ಮೊಂಡ
ಬ್ಯಾಕ್‌ಡ್ರಾಪ್ ಅಂದ ತಕ್ಷಣ ಮೈ ಜುಮ್ ಅಂತು.

ಸುಮ್ನೆ ಬಂದೆ
ಇದು ಗೊತ್ತಿರಲಿಲ್ಲ. ನಾಟಕ ಅಂದದ್ದು ಬಿಡಿ, ವಾಪಸ್ ತಗೊಂಡೆ.

ಹಳೇಟೇಪು
ತಗೋಬೇಡಿ. ಕಥೆ ನಾಟಕವೇ. ನೆಲ ಮಾತ್ರ ನಿಜವಾದ ನೆಲ.

ದುಡ್ಡಿನಮಳೆ
ಆದರೂ ನನ್ನ ವೋಟು ಒಸಾಕಾಗೇ. ಒಕಾಡಾಗೆ ಯಾರ ಕನಿಕರವೂ ಬೇಕಿರಲಿಲ್ಲ. ಮಿಸಾವಾಗೆ ಜನ ಮೊದಲೇ ಜೊತೆಗಿದ್ದರು, ಅವನು ಗೆದ್ದರೆ ಸಾಕು ಅಂತ ಕಾಯುತ್ತಿದ್ದರು. ಒಕಾಡಾನನ್ನು ಯಾರೂ ಕೇಳಿರಲಿಲ್ಲ. ಬೇಡವಾದವನನ್ನು ಒಂದೇ ರಾತ್ರಿಯಲ್ಲಿ ಬೇಕಾದವನಾಗಿ ಮಾಡಿದ್ದು ತಾನಾಹಾಶಿ. ಆ ಕೆಲಸ ಜಾಸ್ತಿ ಕಷ್ಟ.

ಹಳೇಟೇಪು
ಇದು ಒಳ್ಳೆಯ ವಾದ. ಒಪ್ಪುವುದಿಲ್ಲ, ಆದರೆ ಒಳ್ಳೆಯ ವಾದ.

ರಾತ್ರಿಗೂಬೆ
ವಾಪಸ್ ಬಂದೆ. ನಿಮ್ಮೆಲ್ಲರ ಮಾತು ಕೇಳಿ ಸೆಪ್ಟೆಂಬರ್ 1ರ ಪಂದ್ಯ ಹಾಕಿದೆ. ಈ ಸಲ ಕಥೆ ಗೊತ್ತಿತ್ತಲ್ಲ, ತ್ಸುರುತಾ ಗೆಲ್ಲುತ್ತಾನೆ ಅಂತಲೂ ಗೊತ್ತಿತ್ತು. ಆದರೂ ಕೊನೆಯಲ್ಲಿ ಮಿಸಾವಾ ಬೀಳುವಾಗ ‘ಏಳೋ’ ಅಂತ ಜೋರಾಗಿ ಕೂಗಿಬಿಟ್ಟೆ. ಒಳಗಿನಿಂದ ಹೆಂಡತಿ, ಯಾರಿಗ್ರೀ ಬೈತಿದ್ದೀರಾ ಈ ಹೊತ್ತಲ್ಲಿ ಅಂದಳು. ತ್ಸುರುತಾ ಮೇಲೆ ಎಂಥ ಸಿಟ್ಟು ಬಂತು ಅಂದರೆ, ಆ ಮನುಷ್ಯ ಬೆವರೂ ಒರೆಸಿಕೊಳ್ಳದೆ ಕೈ ಎತ್ತಿ ‘ಓ’ ಅಂತ ಕೂಗುತ್ತಾನೆ!

ಕವಾಸಾಕಿ ಕಾಫಿಪುಡಿ
ನಮ್ಮ ಆಫೀಸಿನ ಹಿರಿಯರಿಗೆ ಇದನ್ನು ಹೇಳುತ್ತೇನೆ, ಖುಷಿ ಪಡುತ್ತಾರೆ.

ಹಳೇಟೇಪು
1991ರ ಏಪ್ರಿಲ್ 18ರದ್ದು ಈಗಲೇ ನೋಡಬೇಡಿ. ಬೆಳಿಗ್ಗೆ ಆಫೀಸಿದ್ದರೆ ಕಷ್ಟ.

ರಾತ್ರಿಗೂಬೆ
ತಡವಾಗಿ ಹೇಳಿದಿರಿ. ಗಂಟೆ ಬಾರಿಸಿ ಆಯ್ತು, ಇಯರ್‌ಫೋನ್ ಹಾಕಿಕೊಂಡಿದ್ದೇನೆ.